ಯುಕಿಯ ನಾಲಿಗೆಯ ಮಚ್ಚೆ

ರಾಮಮೂರ್ತಿ ನಗರದ ಆ ಗಲ್ಲಿಯಲ್ಲಿ ಯುಕಿಯ ನಾಲಿಗೆ ನೋಡದವರೇ ಇರಲಿಲ್ಲ. ಬೆಳ್ಳನೆಯ ನಾಯಿ, ನೆಟ್ಟಗೆ ನಿಂತ ಕಿವಿ. ಬಾಯಿ ತೆರೆದರೆ ಗುಲಾಬಿ ನಾಲಿಗೆಯ ಮೇಲೆ ನೇರಳೆಹಣ್ಣು ತಿಂದಂತೆ ಒಂದು ಕಪ್ಪು ಮಚ್ಚೆ. ಇಂದಿರಾನಗರದಲ್ಲಿದ್ದ ಜಪಾನಿ ದಂಪತಿ ತಮ್ಮ ದೇಶಕ್ಕೆ ಮರಳುವಾಗ, ವಯಸ್ಸಾದ ಜೀವ ವಿಮಾನದ ಪ್ರಯಾಣ ತಡೆಯಲಾರದೆಂದು ಅದನ್ನು ತಮ್ಮ ಡ್ರೈವರ್ ಮುನಿಕೃಷ್ಣಪ್ಪನ ಕೈಗೊಪ್ಪಿಸಿ, ಅತ್ತು ಹೋಗಿದ್ದರು. ಅವನ ಹೆಂಡತಿ ಗೋವಿಂದಮ್ಮ ಅದಕ್ಕೆ ಕೈತುತ್ತು ತಿನ್ನಿಸಿ ಸಾಕಿದಳು.

"ಕ್ರಾಸ್ ನಾಯಿ ಗುರು, ನಿನ್ನ ತಲೆಗೆ ಕಟ್ಬಿಟ್ಟು ಹೋಗಿದಾರೆ," ಎಂದು ಎದುರುಮನೆಯ ಅಂಜನಮೂರ್ತಿ ಕಾಲೆಳೆದರೆ ಮುನಿಕೃಷ್ಣಪ್ಪನಿಗೆ ಮೈಯೆಲ್ಲ ಉರಿಯುತ್ತಿತ್ತು.

"ಜಪಾನಿನ ಹೊಕ್ಕೈಡೋ ಜಾತಿ ಇದು! ಅಲ್ಲಿಂದೇ ಇನ್ನೊಂದು ಜಾತಿ, ಶಿಬಾ ನಾಯಿಗೆ ನಾಲಿಗೆ ಮೇಲೆ ಮಚ್ಚೆ ಇದ್ರೆ ಡಾಗ್ ಶೋನಲ್ಲಿ ಕುಂದು ಅಂತಾರೆ. ಇದಕ್ಕೆ ಕುಂದಲ್ಲ. ಇದರ ನಾಲಿಗೆ ಇರೋದೇ ಹಾಗೆ."

ಜಪಾನಿ ಮೇಡಂ ಹೇಳಿಕೊಟ್ಟಿದ್ದನ್ನು ಹೀಗೆ ಕಂಡಕಂಡವರಿಗೆಲ್ಲ ಒಪ್ಪಿಸುವುದೇ ಅವನ ಜಂಬ. ಮೊದಲ ವಾರ ಗೋವಿಂದಮ್ಮ ಮಚ್ಚೆ ನೋಡಿ, "ವಿಷ ಗಿಷ ತಿಂದಿದೆಯೇನ್ರೀ?" ಎಂದು ಗಾಬರಿಯಿಂದ ಓಡಿಬಂದಿದ್ದಳು. ಅವನು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದ. ಅಷ್ಟು ಸಾಲದೆಂದು ಮನೆಗೆ ಬಂದವರ ಮುಂದೆಲ್ಲ ಅದನ್ನೇ ಹೇಳಿ ಗೇಲಿ ಮಾಡಿದ್ದ. ಪಾಪ, ಅವಳು ಮುಖ ಸಣ್ಣದು ಮಾಡಿಕೊಂಡು ಒಳಗೆ ಹೋಗಿಬಿಡುತ್ತಿದ್ದಳು.

ಏಪ್ರಿಲ್‌ನ ಒಂದು ಮಧ್ಯಾಹ್ನ ಶೀಟಿನ ಮನೆ ಕಾದ ಕಾವಲಿಯಂತಾಗಿತ್ತು. ಮುನಿಕೃಷ್ಣಪ್ಪ ಮಾರತ್ತಹಳ್ಳಿಗೆ ಬಾಡಿಗೆ ಬಿಟ್ಟು ಬರುತ್ತ ಟಿನ್ ಫ್ಯಾಕ್ಟರಿ ಹತ್ತಿರ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡಿದ್ದ. ಆಗ ಗೋವಿಂದಮ್ಮನ ಫೋನ್ ಬಂತು.

"ರೀ, ಯುಕಿ ಒಂದೇ ಸಮ ಏದುಸಿರು ಬಿಡ್ತಿದೆ. ನಾಲಿಗೆ ಯಾಕೋ ಕಪ್ಪಾಗಿ ಕಾಣ್ತಿದೆ ಕಣ್ರೀ. ಡಾಕ್ಟ್ರ ಹತ್ರ ಎತ್ಕೊಂಡು ಹೋಗ್ಲಾ?"

"ಮತ್ತೆ ಶುರು ಹಚ್ಕೊಂಡ್ಯಾ? ಎಷ್ಟು ಸಲ ಹೇಳ್ಬೇಕು ನಿಂಗೆ? ಅದರ ನಾಲಿಗೆ ಇರೋದೇ ಹಾಗೆ! ನೀರು ಕುಡಿಸು, ಮಲಗುತ್ತೆ."

ಹಿಂದಿನ ಬಸ್ಸಿನವನು ಹಾರ್ನ್ ಬಾರಿಸುತ್ತಿದ್ದ. ಇವನು ಫೋನ್ ಇಟ್ಟ. ಅವಳು ಮತ್ತೆ ಮಾಡಲಿಲ್ಲ. ನಾಯಿ ಡಾಕ್ಟರು ಇದ್ದದ್ದು ಪಕ್ಕದ ಬೀದಿಯಲ್ಲೇ.

ಅವನು ಮನೆಗೆ ಬಂದಾಗ ಯುಕಿ ಬಚ್ಚಲ ಬಾಗಿಲಲ್ಲಿ ಒದ್ದೆ ಸೀರೆಯ ಮೇಲೆ ಒರಗಿತ್ತು. ಗೋವಿಂದಮ್ಮ ಪಕ್ಕದಲ್ಲಿ ಕುಳಿತು ಬೀಸಣಿಗೆ ಬೀಸುತ್ತಿದ್ದಳು.

"ಶ್, ಮೆಲ್ಲಗೆ ಬನ್ನಿ," ಎಂದಳು. "ಈಗ ತಾನೇ ಮಲಗ್ತು, ನೀವು ಹೇಳಿದ ಹಾಗೇ."

ಮುನಿಕೃಷ್ಣಪ್ಪ ಅದರ ಎದೆಯ ಮೇಲೆ ಕೈಯಿಟ್ಟ. ಎದೆ ಏರಿಳಿಯುತ್ತಿರಲಿಲ್ಲ. ಇಟ್ಟ ಕೈ ತೆಗೆಯಲು ಧೈರ್ಯ ಬರಲಿಲ್ಲ. ಹೊರಗೆ ಜೋತುಬಿದ್ದ ನಾಲಿಗೆಯಲ್ಲಿ ಮಚ್ಚೆ ಎಲ್ಲಿದೆಯೆಂದು ಹುಡುಕಿದ. ನಾಲಿಗೆಯೆಲ್ಲ ಅದೇ ಬಣ್ಣಕ್ಕೆ ತಿರುಗಿತ್ತು.

ಗೋವಿಂದಮ್ಮ ಗಂಡನ ಮುಖವನ್ನೇ ನೋಡುತ್ತಿದ್ದಳು. ಬೀಸುವ ಕೈ ನಿಧಾನವಾಯಿತು.

"ಅದರ ನಾಲಿಗೆ ಇರೋದೇ ಹಾಗೆ," ಎಂದಳು. "ಅಲ್ವೇನ್ರೀ?"

ಅವನು ಅವಳ ಕೈಯಿಂದ ಬೀಸಣಿಗೆ ತೆಗೆದುಕೊಂಡು ತಾನೇ ಬೀಸತೊಡಗಿದ.