ಅಂಬಿಗನಿಗೆ ಮುಖ ಬರೆದದ್ದು

ಗಲ್ಫಿನ ಘಾಲಾದ ಬೋರ್ಡು-ಫ್ರೇಮಿನ ಅಂಗಡಿಯಲ್ಲಿ ದೂಮಪ್ಪ ಹದಿನಾರು ವರ್ಷದಿಂದ ಬರೆದದ್ದೆಲ್ಲ ಟೈರು, ಬ್ಯಾಟರಿ, ಬಾಣದ ಗುರುತು. ಬಂಟ್ವಾಳದಲ್ಲಿ ಡ್ರಾಯಿಂಗ್ ಪರೀಕ್ಷೆ ಪಾಸು ಮಾಡಿದ ಕೈ ಅದು. ಹಲ್ಲಿದ್ದಾಗ ಕಡಲೆಯಿಲ್ಲ ಎಂಬ ಗಾದೆ ಹುಟ್ಟಿದ್ದೇ ಇಂಥವರಿಗಾಗಿ.

2005ರ ಜನವರಿಯಲ್ಲಿ ಮೈಕಲ್ ಎಂಬ ಇಂಗ್ಲಿಷಿನವ ತನ್ನ ಅಜ್ಜನ ಕಾಲದ ಎಣ್ಣೆಬಣ್ಣದ ಚಿತ್ರಕ್ಕೆ ಹೊಸ ಫ್ರೇಮು ಹಾಕಲು ಕೊಟ್ಟುಹೋದ. ಎರಡು ಅಂಗೈಯಗಲದ ಹಲಗೆ. ಅವರ ಹಳ್ಳಿಯ ಯಾವುದೋ ಹೊಳೆ, ಬಾಗಿದ ಮರ, ದೋಣಿ, ದೋಣಿಯಲ್ಲಿ ಮುಖವಿಲ್ಲದ ಅಂಬಿಗ. ಮಳೆಗೆ ಮೊದಲಿನ ಬೆಳಕು ನೀರಿನ ಮೇಲಿತ್ತು. ಬರೆದವನು ಸರಸರನೆ ಬರೆದು ಸರಿಯಾದ ಜಾಗದಲ್ಲಿ ಕೈ ತಡೆದಿದ್ದ. ಅದು ಕಂಡು ದೂಮಪ್ಪನ ಕಣ್ಣು ತುಂಬಿತು.

ಮಾಲೀಕ ಬಾದುಶಾ ಹಲಗೆಯ ಹಿಂದಿನ ಚೀಟಿ ಓದಿದ. "ಸ್ಟಡಿ ಅಂತ ಬರ್ದಿದೆ ಮಾರಾಯ. ಕಲಿಯುವವ ಯಾರೋ ಅರ್ಧಕ್ಕೆ ಬಿಟ್ಟದ್ದು. ನೀನು ಚಂದ ಮಾಡಿ ಮುಗಿಸು. ಅವನಿಗೆ ಖುಷಿಯಾದ್ರೆ ಅವನ ಕಂಪೆನಿಯ ಬೋರ್ಡೆಲ್ಲ ನಮಗೇ."

"ಇದು ಅರ್ಧ ಅಲ್ಲ ಸಾಹೇಬ್ರೆ, ಇದು ಇಷ್ಟೇ. ಮುಟ್ಟಿದ್ರೆ ಹಾಳಾಗ್ತದೆ."

"ನಿನ್ನ ವೀಸಾ ಮುಂದಿನ ತಿಂಗಳು ಮುಗೀತದಲ್ಲ? ಅದನ್ನು ರಿನ್ಯೂ ಮಾಡುವ ಕಫೀಲ್ ಹತ್ರ ನಾನು ಎಂತ ಹೇಳ್ಬೇಕು? ಯಲ್ಲಾ, ಬ್ರಶ್ ಹಿಡಿ."

ದೂಮಪ್ಪ ಹಿಡಿದ. ಮರಕ್ಕೆ ಎಲೆ ಅಂಟಿಸಿದ, ನೀರಿಗೆ ಅಲೆ ಇಟ್ಟ, ಅಂಬಿಗನಿಗೆ ಕಣ್ಣು, ಮೂಗು, ಮೀಸೆ ಬರೆದ. ಬೆಳಕು ಸತ್ತಿತು, ಚಿತ್ರ ಕ್ಯಾಲೆಂಡರಾಯಿತು. ಕೈ ಮಾತ್ರ ಒಮ್ಮೆಯೂ ನಡುಗಲಿಲ್ಲ. ಅದಕ್ಕೇ ಅವನಿಗೆ ತನ್ನ ಮೇಲೆ ಹೇಸಿಗೆ ಹುಟ್ಟಿತು.

ಮೈಕಲ್ ಬಂದು ನೋಡಿ ಬಿಳಿಚಿಕೊಂಡ. ಅಂಗಡಿಯೇ ಅದುರುವಂತೆ ಕೂಗಾಡಿದ. ಬಾದುಶಾನಿಗೆ ಪ್ಲೇಟು ಬದಲಿಸಲು ಅರೆಗಳಿಗೆ ಸಾಕಾಯಿತು. "ನಾನು ಫ್ರೇಮು ಹಾಕು ಅಂದದ್ದು ಸಾರ್. ಬೋರ್ಡ್ ಬರೆಯುವವ, ಇವನಿಗೆ ಆರ್ಟ್ ಎಲ್ಲಿ ಗೊತ್ತು?" ಎಂದು ಇಂಗ್ಲಿಷಿನಲ್ಲಿ ಒದರಿದ.

ಮೈಕಲ್ಲನ ಕೋಪ ಮೆಲ್ಲನೆ ಇಳಿಯಿತು. "ಪಾಪ, ಇವನಿಗೇನು ತಿಳಿಯುತ್ತದೆ" ಎಂದು ದೂಮಪ್ಪನ ಭುಜ ತಟ್ಟಿದ. ಬಾಯಿಮುಚ್ಚಿಕೊಂಡಿದ್ದರೆ ಸಂಗತಿ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಬೈಗುಳವನ್ನಾದರೂ ನುಂಗುತ್ತಿದ್ದ ದೂಮಪ್ಪನಿಗೆ ಆ 'ಪಾಪ' ಗಂಟಲಲ್ಲಿ ಇಳಿಯಲಿಲ್ಲ.

"ಗೊತ್ತಿತ್ತು ಸಾರ್" ಎಂದು ಹರಕು ಇಂಗ್ಲಿಷಿನಲ್ಲಿ ಹೇಳಿದ. "ಅದು ಪೂರ್ತಿ ಇತ್ತು. ಒಂದು ಗೆರೆ ಹೆಚ್ಚು ಬೇಡವಾಗಿತ್ತು."

ಮೈಕಲ್ ಭುಜದ ಮೇಲಿನ ಕೈ ತೆಗೆದ. ಗಲ್ಫಿಗೆ ಬಂದ ಮೇಲೆ ಮೊದಲ ಸಲ ಒಬ್ಬ ಮನುಷ್ಯ ದೂಮಪ್ಪನನ್ನು ಚಿತ್ರಕಾರನೆಂದು ನೋಡಿದ. ನೋಡಿ, "ಹಾಗಾದರೆ ನಿನ್ನನ್ನು ಕ್ಷಮಿಸಲಾರೆ" ಎಂದ.