ಷೇರುಪೇಟೆ ಎದ್ದಿತು, ದುಡ್ಡು ಏಳಲಿಲ್ಲ

ಕೂಡಿಟ್ಟ ದುಡ್ಡು ಬೆಳೆಯದೆ ಹಾಗೇ ಬಿದ್ದಿದೆಯಲ್ಲ ಎಂಬ ಸಂಕಟ ಯಾರಿಗಿಲ್ಲ ಹೇಳಿ? ಆಸ್ಪತ್ರೆಯ ಲಾಂಡ್ರಿಯಲ್ಲಿ ಇಸ್ತ್ರಿ ಮಾಡುವ ಅಣ್ಣನಿಗೂ ಅದೇ ಸಂಕಟ. ಇಪ್ಪತ್ತೆರಡು ವರ್ಷ ಬಿಸಿ ಆವಿಯಲ್ಲಿ ನಿಂತು ಮಂಚದ ಹೊದಿಕೆ ಮಡಚಿದವನು. ಹೆಂಡತಿ ಮನೆಯಲ್ಲೇ ಅಂಗಿಗಳಿಗೆ ಕಾಜಾ ಹೊಲಿಯುತ್ತಿದ್ದಳು. ಓಣಿಗೆಲ್ಲ ಅವಳು ಕಾಜಾ ಅಕ್ಕ.

ಅಕ್ಕನ ಎಡಗಣ್ಣು ಅಂಚಿನಿಂದ ಮಸುಕಾಗತೊಡಗಿತು. ಕಣ್ಣಿನೊಳಗೆ ಒತ್ತಡ ಏರಿದೆ, ಎರಡು ತಿಂಗಳೊಳಗೆ ಆಪರೇಷನ್ ಆಗಬೇಕು, ಹೋದ ದೃಷ್ಟಿ ಮತ್ತೆ ಬರುವುದಿಲ್ಲ ಎಂದರು ಡಾಕ್ಟರಮ್ಮ. ಅದನ್ನು ಕೇಳಿಸಿಕೊಂಡವನು ಗಂಡ ಒಬ್ಬನೇ. ಅಕ್ಕ ಆಗ ಕಣ್ಣಿಗೆ ಔಷಧಿ ಹಾಕಿಸಿಕೊಂಡು ಹೊರಗೆ ಬೆಂಚಿನ ಮೇಲಿದ್ದಳು.

ಆಪರೇಷನ್ನಿಗೆ ಸಾಕಾಗುವಷ್ಟು ದುಡ್ಡಿತ್ತು. ಆದರೆ ಆಮೇಲೆ ಕೈ ಖಾಲಿ. ಅದೇ ವಾರ ಮೊಬೈಲಿನಲ್ಲಿ ಒಂದು ಫಂಡ್ ಕಂಡಿತು. ಸಾಲದ ಬಲದ ಮೇಲೆ ನಡೆಯುವ ಫಂಡ್ ಅದು. ಷೇರುಪೇಟೆ ದಿನಕ್ಕೆ ಒಂದು ಪಾಲು ಏರಿದರೆ ಅದು ಮೂರು ಪಾಲು ಏರುತ್ತದಂತೆ. ಇಳಿದರೂ ಮೂರು ಪಾಲು ಎಂಬುದು ಸಣ್ಣ ಅಕ್ಷರದಲ್ಲಿತ್ತು. ಅಣ್ಣ ಹೆಬ್ಬೆರಳು ಒತ್ತಿದ. ಲೋಟದ ಚಹಾ ಆರುವ ಮೊದಲೇ ಕೆಲಸ ಮುಗಿದಿತ್ತು. ಮನೆಗೆ ಬಂದವನು, ಆಪರೇಷನ್ನಿಗೆ ಆರು ತಿಂಗಳು ಕಾಯಬಹುದಂತೆ ಎಂದ. ಅಕ್ಕ ನಂಬಿದಳು.

ಮೊದಲ ತಿಂಗಳು ಫಂಡ್ ಏರಿತು. ಅಷ್ಟರಲ್ಲಿ, ಇಂಥ ಫಂಡುಗಳನ್ನು ಸಾಮಾನ್ಯ ಜನರಿಗೆ ಮಾರಲು ಕಟ್ಟುಪಾಡು ಬೇಕೇ ಎಂದು ಷೇರುಪೇಟೆಯ ನಿಯಂತ್ರಣ ಮಂಡಳಿ ಜನರ ಅಭಿಪ್ರಾಯ ಕೇಳಿತು. ಬೇಡ ಎಂಬ ಅರ್ಜಿಗೆ ಅಣ್ಣ ಸಹಿ ಹಾಕಿದ. ಪಕ್ಕದ ಮನೆಯಲ್ಲಿ ಬ್ಯಾಂಕಿನಿಂದ ನಿವೃತ್ತರಾದ ಮೇಡಂ ಇದ್ದರು. ಅವರ ಬಳಿ ಹೆಮ್ಮೆಯಿಂದಲೇ ಹೇಳಿಕೊಂಡ.

"ನಮ್ಮ ದುಡ್ಡು, ನಮ್ಮಿಷ್ಟ ಮೇಡಂ. ದುಡ್ಡಿರೋರಿಗೆ ಬಾಗಿಲು ತೆಗೆದು ನಮಗೆ ಮಾತ್ರ ಬೀಗ ಹಾಕೋದು ಯಾವ ನ್ಯಾಯ?"

ಮೇಡಂ ಆ ಮಾತನ್ನು ತಳ್ಳಿಹಾಕಲಿಲ್ಲ. ಬೀಗ ಬೇಡ, ಒಳಗೆ ಬಿಡುವ ಮೊದಲು ವಿಚಾರಿಸಿದರೆ ತಪ್ಪೇನು ಎಂದರಷ್ಟೇ. ಹಾಕಿದ್ದು ಅಗತ್ಯಕ್ಕೆ ಇಟ್ಟ ದುಡ್ಡಲ್ಲ ತಾನೇ ಎಂದೂ ಕೇಳಿದರು. ಅಲ್ಲ ಎಂದು ಅಣ್ಣ ಸುಳ್ಳು ಹೇಳಿದ.

ಮೂರನೆಯ ತಿಂಗಳು ಪೇಟೆ ಕುಸಿಯಿತು. ಬಿತ್ತು, ಎದ್ದಿತು, ಮತ್ತೆ ಬಿತ್ತು. ಐದನೆಯ ತಿಂಗಳ ಕೊನೆಗೆ, ಪೇಟೆ ಮೊದಲಿದ್ದಲ್ಲಿಗೇ ಮರಳಿದೆ ಎಂದು ರೇಡಿಯೋದಲ್ಲಿ ಬಂತು. ಉಸಿರು ಬಂದಂತಾಗಿ ಅಣ್ಣ ಮೊಬೈಲ್ ತೆರೆದ. ಅವನ ದುಡ್ಡಿನಲ್ಲಿ ಮೂರರಲ್ಲೊಂದು ಪಾಲು ಇರಲೇ ಇಲ್ಲ. ಯಾರೋ ಕದ್ದಿರಬೇಕೆಂದು ಮೇಡಂ ಬಳಿ ಓಡಿದ.

"ಯಾರೂ ಕದ್ದಿಲ್ಲಪ್ಪ" ಎಂದರು ಮೇಡಂ. "ಈ ಫಂಡಿನ ಲೆಕ್ಕ ಆಯಾ ದಿನಕ್ಕೆ ಮಾತ್ರ. ನೂರಿದ್ದ ಪೇಟೆ ಹತ್ತು ಇಳಿದು ತೊಂಬತ್ತಾಯ್ತು ಅನ್ನು. ನಿನ್ನದು ಮೂವತ್ತು ಇಳಿದು ಎಪ್ಪತ್ತು. ಮಾರನೇ ದಿನ ಪೇಟೆ ಎದ್ದು ನೂರೇ ಆಗಲಿ, ನಿನ್ನದು ತೊಂಬತ್ತಮೂರಕ್ಕೇ ನಿಲ್ಲುತ್ತೆ. ಹೀಗೆ ಎಷ್ಟು ಸಲ ಆಯ್ತೋ, ಅಷ್ಟು ಸಲ ಸವೆದಿದೆ."

ಅಣ್ಣ ಆಗ ಕಣ್ಣಿನ ವಿಷಯ ಬಾಯಿಬಿಟ್ಟ. ಮೇಡಂ ಚಪ್ಪಲಿ ಮೆಟ್ಟಿ ಹೊರಟೇಬಿಟ್ಟರು. ಅಕ್ಕನನ್ನು ಕರೆದುಕೊಂಡು ಮೂವರೂ ಆಸ್ಪತ್ರೆಗೆ ಹೋದರು. ಎಡಗಣ್ಣಿಗೆ ಇನ್ನು ಮಾಡುವುದೇನೂ ಉಳಿದಿಲ್ಲ, ಬಲಗಣ್ಣಲ್ಲೂ ಒತ್ತಡ ಏರುತ್ತಿದೆ, ಅದನ್ನಾದರೂ ಉಳಿಸಿಕೊಳ್ಳೋಣ ಎಂದರು ಡಾಕ್ಟರಮ್ಮ. ಉಳಿದ ದುಡ್ಡು ಅದಕ್ಕಾಯಿತು.

ಆಸ್ಪತ್ರೆಯ ಮೆಟ್ಟಿಲ ಮೇಲೆ ಅಣ್ಣ ಎಲ್ಲವನ್ನೂ ಹೆಂಡತಿಗೆ ಹೇಳಿದ. ಅವಳು ಕೇಳಿದ್ದು ಇಷ್ಟೇ.

"ನನ್ನ ಕಣ್ಣಲ್ವೇನ್ರೀ? ನನ್ನನ್ನ ಒಂದು ಮಾತು ಕೇಳಬಾರದಿತ್ತಾ?"

ಈಗ ಬೆಳಿಗ್ಗೆ ಕೆಲಸಕ್ಕೆ ಹೊರಡುವ ಮುನ್ನ ಅಣ್ಣನೇ ಹತ್ತು ಸೂಜಿಗಳಿಗೆ ದಾರ ಪೋಣಿಸಿಟ್ಟು ಹೋಗುತ್ತಾನೆ. ಅಕ್ಕ ಮೊದಲಿನ ಅರ್ಧದಷ್ಟು ಅಂಗಿಗಳನ್ನೂ ಮುಗಿಸಲಾರಳು. ಇಬ್ಬರ ನಡುವೆ ಮಾತು ಕಡಿಮೆಯಾಗಿದೆ.

ಮಂಡಳಿಗೆ ಅಭಿಪ್ರಾಯ ತಿಳಿಸುವ ಗಡುವು ಮುಂದೆ ಹೋಗಿತ್ತು, ಇನ್ನೂ ಒಂದು ವಾರವಿತ್ತು. ಹಳೆಯ ಸಹಿ ಹಿಂತೆಗೆದುಕೊಳ್ಳಲು ಕುಳಿತ ಅಣ್ಣ, ಏನು ಬರೆಯಲಿ ಎಂದು ಅವಳನ್ನೇ ಕೇಳಿದ.

"ನಾನು ಬೇಡ ಅಂದಿದ್ರೂ ನೀವು ಕೇಳ್ತಿರಲಿಲ್ಲ. ಆ ಫೋನು ಒಂದು ವಾರ ಕಾಯಿಸಿ, ಇದು ಯಾವುದಕ್ಕೆ ಇಟ್ಟ ದುಡ್ಡು ಅಂತ ಕೇಳಿದ್ದಿದ್ರೆ, ನಿಮಗೇ ನಾಚಿಕೆ ಆಗ್ತಿತ್ತೇನೋ. ಅಷ್ಟು ಬರೀರಿ ಸಾಕು."

ಅಣ್ಣ ಅಷ್ಟನ್ನೇ ಬರೆದ. ಅಕ್ಕ ಮುಖ ಓರೆ ಮಾಡಿ, ಗೆರೆ ಹುಡುಕಿ, ತಾನೂ ಸಹಿ ಹಾಕಿದಳು.

ಇದನ್ನು ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ಔಷಧಿಗೆ, ಓದಿಗೆ, ಸೂರಿಗೆ ಇಟ್ಟ ದುಡ್ಡನ್ನು ಮೂರು ಪಟ್ಟಿನ ಫಂಡಿಗೆ ಹಾಕಬೇಡಿ. ಯಾರ ಬದುಕು ಆ ದುಡ್ಡನ್ನು ನಂಬಿದೆಯೋ ಅವರನ್ನು ಮೊದಲು ಕೇಳಿ. ಕಟ್ಟುಪಾಡು ಎಷ್ಟಿರಬೇಕೆಂದು ಮಂಡಳಿ ಕೇಳಿದಾಗ ನೀವೂ ನಾಲ್ಕು ಸಾಲು ಬರೆಯಿರಿ. ಕಳೆದುಕೊಂಡವರು ನಾಚಿ ಸುಮ್ಮನಾದರೆ, ಗೆದ್ದವರ ಮಾತಷ್ಟೇ ಅಲ್ಲಿಗೆ ತಲುಪುತ್ತದೆ.