ನಲವತ್ತು ಹೆಜ್ಜೆ ಗೋಡೆ

ಪ್ರವಾಹ ಇಳಿದ ಮೇಲೆ ನೋಡಿದರೆ ಕಾಲುವೆಯ ದಂಡೆ ನಲವತ್ತು ಹೆಜ್ಜೆಯಷ್ಟು ಉದ್ದಕ್ಕೆ ಮಾಯವಾಗಿತ್ತು. ನೀರೆಲ್ಲ ಅಲ್ಲಿಂದ ಹಳ್ಳಕ್ಕೆ ನುಗ್ಗುತ್ತಿತ್ತು, ಕೆಳಗಿನ ಒಂಬತ್ತು ಹೊಲಗಳು ಬಾಯಿ ಬಿಟ್ಟುಕೊಂಡು ಕೂತಿದ್ದವು. ಪರಿಹಾರದ ಕಚೇರಿಯಿಂದ ಕಾಲುವೆ ಸಂಘದ ಅಧ್ಯಕ್ಷನಿಗೆ ಫೋನು ಬಂತು. ಒಡೆದ ಜಾಗಕ್ಕಷ್ಟೇ ಅಲ್ಲ, ಕಾಲುವೆಯ ಉದ್ದಕ್ಕೂ ಕಾಂಕ್ರೀಟು ಹಾಕಿಸಲು ಹಣ ಕೊಡುತ್ತಾರಂತೆ. ಆದರೆ ಇನ್‌ಸ್ಪೆಕ್ಟರು ಬಂದು ಹಾನಿಯನ್ನು ಕಣ್ಣಾರೆ ನೋಡುವ ತನಕ ಯಾರೂ ಒಂದು ಕಲ್ಲನ್ನೂ ಮುಟ್ಟಬಾರದಂತೆ. ಇವತ್ತು ಬಂದಾರು, ನಾಳೆ ಬಂದಾರು ಎಂದು ಎಲ್ಲರೂ ಮೂರು ವಾರ ದಾರಿ ಕಾದರು. ಸಾಹೇಬರ ಪತ್ತೆಯೇ ಇಲ್ಲ.

ಕಾಯಲಾಗದವನು ಮೇಸ್ತ್ರಿ ಒಬ್ಬನೇ. ಕಾಲುವೆಯ ಕಟ್ಟಕಡೆಯ ಹೊಲ ಅವನ ಮಗಳದ್ದು. ಅವಳ ಈರುಳ್ಳಿ ಸಸಿಗಳು ತುದಿಯಿಂದ ಹಳದಿಯಾಗತೊಡಗಿದ್ದವು. ಆಯುಸ್ಸೆಲ್ಲ ಕಲ್ಲು ಕಟ್ಟಿದ ಮನುಷ್ಯನಿಗೆ ಮುರಿದ ದಂಡೆಯನ್ನು ದಿನಾ ನೋಡಿಕೊಂಡು ಓಡಾಡುವುದು ಮೈಗೆ ಮುಳ್ಳು ಚುಚ್ಚಿದ ಹಾಗಾಗಿತ್ತು. ಒಡೆದದ್ದು ಊರಿಗೆಲ್ಲ ಗೊತ್ತಿರುವಾಗ, ತಾನು ಕಟ್ಟಿಬಿಟ್ಟರೆ ಕಚೇರಿಯವರು ಖರ್ಚು ಉಳಿಯಿತೆಂದು ಖುಷಿಪಟ್ಟಾರು ಎಂದೇ ಅವನು ನಂಬಿದ್ದ. ಅಷ್ಟು ವಯಸ್ಸಾಗಿಯೂ ಕಚೇರಿಗಳ ಬಗ್ಗೆ ಅಂಥ ನಂಬಿಕೆ ಇಟ್ಟುಕೊಂಡಿದ್ದವನಿಗೆ ಏನು ಹೇಳುವುದು!

ಅಪ್ಪ ಮಗಳು ಸೇರಿ ಹಳ್ಳದಿಂದ ಕಲ್ಲು ಹೊತ್ತರು. ಅವನು ಒಂದೊಂದು ಕಲ್ಲನ್ನೂ ತಿರುಗಿಸಿ, ತಟ್ಟಿ, ಅದು ಯಾವ ಮಗ್ಗುಲಲ್ಲಿ ಮಲಗಲು ಇಷ್ಟಪಡುತ್ತದೆಂದು ನೋಡಿ ಕೂರಿಸಿದ, ಸಂದುಗಳಿಗೆ ಸಿಮೆಂಟು ತುಂಬಿದ. ಯಾರೂ ತಡೆಯಲಿಲ್ಲ. ಅಧ್ಯಕ್ಷ ಎರಡು ಸಲ ಆ ದಾರಿಯಲ್ಲೇ ಹೋದ, ಎರಡು ಸಲವೂ ಆಕಾಶ ನೋಡಿಕೊಂಡು ಹೋದ. ಹದಿನೇಳನೆಯ ದಿನ ನೀರು ಬಿಟ್ಟಾಗ ಗೋಡೆ ಒಂದು ಹನಿಯನ್ನೂ ಬಿಟ್ಟುಕೊಡಲಿಲ್ಲ. ಮೇಸ್ತ್ರಿ ಅದರ ಮೇಲೆ ಈ ತುದಿಯಿಂದ ಆ ತುದಿಗೆ ನಡೆದ. ಇದಕ್ಕಿಂತ ಒಳ್ಳೆಯ ಕೆಲಸವನ್ನು ತಾನು ಮಾಡಿಲ್ಲವೆಂದು ಅವನಿಗೆ ಗೊತ್ತಿತ್ತು.

ಅದಾದ ನಾಲ್ಕನೇ ದಿನ ಇನ್‌ಸ್ಪೆಕ್ಟರು ಬಂದರು.

"ಹಾನಿ ಎಲ್ರೀ?"

ಎಲ್ಲರೂ ಗೋಡೆ ತೋರಿಸಿದರು.

"ಚೆನ್ನಾಗಿದೆಯಲ್ಲ! ಚೆನ್ನಾಗಿರೋದಕ್ಕೆ ಹಣ ಕೊಡೋಕಾಗಲ್ಲ. ಕಂಡದ್ದನ್ನ ಮಾತ್ರ ಬರೆಯೋದು ನಾನು." ಜೀಪು ಹತ್ತುವಾಗ ಯಾರ ಮುಖವನ್ನೂ ನೋಡದೆ, "ಮುಂದಿನ ಬುಧವಾರ ಇದೇ ದಾರೀಲಿ ಇನ್ನೊಂದ್ಸಲ ಬರ್ತೀನಿ" ಎಂದರು.

ಅಷ್ಟು ಸಾಕಾಯಿತು. ನೀರು ಕುಡಿದ ಒಂಬತ್ತು ಹೊಲದವರಲ್ಲಿ ಎಂಟು ಮಂದಿ ಮೇಸ್ತ್ರಿಯ ಮೇಲೆ ಹರಿಹಾಯ್ದರು. ನಿನಗ್ಯಾರು ಹೇಳಿದ್ದು, ಊರ ಹಣಕ್ಕೆ ಕಲ್ಲು ಹಾಕಿದೆಯಲ್ಲ ಎಂದರು. ಮರುದಿನ ಮೂವರು ಗಟ್ಟಿ ಆಳುಗಳು ಹಾರೆ ಹಿಡಿದು ಗೋಡೆ ಒಡೆಯಲು ಹೋದರು. ಮಧ್ಯಾಹ್ನದ ಹೊತ್ತಿಗೆ ಒಬ್ಬನ ಹಾರೆ ಬಾಗಿತ್ತು, ಮತ್ತೊಬ್ಬನ ಸೊಂಟ ಹಿಡಿದಿತ್ತು, ಗೋಡೆಯಿಂದ ಒಂದೇ ಒಂದು ಕಲ್ಲು ಎದ್ದಿತ್ತು. ಕೊನೆಗೆ ಅಧ್ಯಕ್ಷ ಹಲ್ಲು ಕಿರಿಯುತ್ತ ಮೇಸ್ತ್ರಿಯ ಮನೆ ಬಾಗಿಲಿಗೇ ಬಂದ.

"ನೀನೇ ಒಡೆದುಕೊಡಬೇಕು ಕಣಪ್ಪ. ನಮ್ಮ ಕೈಲಾಗ್ತಿಲ್ಲ."

ಮೇಸ್ತ್ರಿ ಬೈಯಲು ಬಾಯಿ ತೆರೆದ. ಅಷ್ಟರಲ್ಲಿ ಒಳಗಿನಿಂದ ಮಗಳು ಬಂದು ನಿಂತಳು.

"ಒಡೆದುಬಿಡಪ್ಪ. ನಿನ್ನ ಗೋಡೆ ಗಟ್ಟಿಯಾಗೇ ಇದೆ. ಆದ್ರೆ ಮಿಕ್ಕ ಕಾಲುವೆಯೆಲ್ಲ ಮಣ್ಣು. ದಾರಿಯುದ್ದಕ್ಕೂ ಇಂಗಿಕೊಂಡು ನನ್ನ ಹೊಲಕ್ಕೆ ಅರ್ಧ ನೀರೂ ಬರಲ್ಲ. ಕಾಂಕ್ರೀಟು ಬಂದ್ರೆ ನಾನು ಬದುಕ್ಕೋತೀನಿ."

ಬೇರೆ ಯಾರು ಹೇಳಿದ್ದರೂ ಅವನು ಕೇಳುತ್ತಿರಲಿಲ್ಲ. ಅವಳಿಗಾಗಿಯೇ ಕಟ್ಟಿದ್ದು. ಹಾರೆ ತೆಗೆದುಕೊಂಡು ಹೋದ. ಕಾಲುವೆ ತಿರುಗುವಲ್ಲಿ ಗೋಡೆಯ ಬುಡಕ್ಕೆ ಒಂದು ಕಲ್ಲಿತ್ತು, ಗೋಡೆಯ ಭಾರವೆಲ್ಲ ಅದರ ಮೇಲೆ. ಅದನ್ನು ಸಡಿಲಿಸಿ ನೀರು ಬಿಡಿಸಿದ. ಹದಿನೇಳು ದಿನದ ಕೆಲಸ ಸಂಜೆಯೊಳಗೆ ಹಳ್ಳ ಸೇರಿತು. ಎಂಟು ಮಂದಿಯೂ ಚಪ್ಪಾಳೆ ಹೊಡೆದರು, ನಾಚಿಕೆಗೆಟ್ಟವರು.

ಬುಧವಾರ ಇನ್‌ಸ್ಪೆಕ್ಟರು ಫೋಟೋ ತೆಗೆದು, ಬಿದ್ದ ಕಲ್ಲೊಂದನ್ನು ಬೂಟಿನಿಂದ ಹೊರಳಿಸಿದರು. ಅದಕ್ಕಿನ್ನೂ ಹೊಸ ಸಿಮೆಂಟು ಅಂಟಿತ್ತು.

"ಇದು ಫೋಟೋದಲ್ಲಿ ಬರುತ್ತೆ. ಬರೀ ಪ್ರವಾಹ ಅಂತ ಬರೆದ್ರೆ ನನ್ನ ಕೆಲಸ ಹೋಗುತ್ತೆ. ಒಂದೇ ದಾರಿ ಇರೋದು. ಪ್ರವಾಹ ಇಳಿದ ಮೇಲೆ ಯಾರೋ ದುರಸ್ತಿ ಮಾಡಿದ್ರು, ಕಳಪೆ ಕೆಲಸ, ಕುಸಿದು ಬಿತ್ತು ಅಂತ ಬರೀತೀನಿ. ಆಗ ಮೊದಲಿನ ಹಾನಿ ಹಾಗೇ ಇದೆ ಅಂತಾಯ್ತು, ಹಣ ಬರುತ್ತೆ. ಕಟ್ಟಿದವರು ಒಪ್ಪಿ ಸಹಿ ಹಾಕ್ಬೇಕು, ಅಷ್ಟೇ."

"ಒಡಿ ಅಂದ್ರು, ಒಡೆದೆ. ಕಳಪೆ ಅಂತ ಮಾತ್ರ ಬರೀಬೇಡಿ ಸ್ವಾಮಿ" ಎಂದ ಮೇಸ್ತ್ರಿ. "ಕಟ್ಟಿದವನು ಸತ್ತ ಅಂತ ಬೇಕಾದ್ರೆ ಬರೀರಿ."

"ಸತ್ತವರು ಸಹಿ ಹಾಕಲ್ವಲ್ಲ!"

ಎಲ್ಲರೂ ನಕ್ಕರು. ಮಗಳು ನಗಲಿಲ್ಲ, ಆದರೆ ಪೆನ್ನಿನ ಕ್ಯಾಪು ತೆಗೆದು ಅಪ್ಪನ ಕೈಗೆ ಕೊಟ್ಟವಳು ಅವಳೇ. ಅವನು ಸಹಿ ಹಾಕಿದ. ಅಕ್ಷರಗಳು ಸೊಟ್ಟಗೆ ಬಂದವು.

ಹಣ ಬಂತು. ವರ್ಷ ತಿರುಗುವಷ್ಟರಲ್ಲಿ ಕಾಂಕ್ರೀಟು ಕಾಲುವೆ ಬಂತು, ಕಡೆಯ ಹೊಲಕ್ಕೂ ತುಂಬು ನೀರು ಬಂತು. ಇದನ್ನು ಸುಳ್ಳೆನ್ನುವಂತಿಲ್ಲ. ಮಗಳ ಮುಖ ಗೆಲುವಾಯಿತು, ಅದನ್ನು ಕಂಡಾಗಲೆಲ್ಲ ಹೋದರೆ ಹೋಗಲಿ ಒಂದು ಗೋಡೆ ಎಂದು ಅವನು ತನಗೆ ತಾನೇ ಹೇಳಿಕೊಳ್ಳುತ್ತಿದ್ದ. ನೀರು ಹೆಚ್ಚಾಯಿತೆಂದು ಅವಳು ಹೊಲದ ಮೂಲೆಯಲ್ಲಿ ಒಂದು ತೊಟ್ಟಿ ಕಟ್ಟಿಸಲು ಹೊರಟಳು. ಅರ್ಧ ಖರ್ಚು ಅದೇ ಕಚೇರಿಯದ್ದು. ಮೇಸ್ತ್ರಿ ಕರಣೆಯ ತುಕ್ಕು ಉಜ್ಜಿ, ನೂಲು ಸುತ್ತಿಟ್ಟುಕೊಂಡು ತಯಾರಾದ.

ಅವಳು ಎರಡು ದಿನ ಅದೂ ಇದೂ ಮಾತಾಡಿಕೊಂಡು ಕಾಲ ತಳ್ಳಿದಳು. ಮೂರನೇ ದಿನ ತಲೆ ತಗ್ಗಿಸಿ ಹೇಳಿದಳು:

"ಬೇರೆಯವರಿಗೆ ಕೊಟ್ಟೆ ಅಪ್ಪ. ಕಚೇರಿಯವರ ಹತ್ರ ಒಂದು ಪಟ್ಟಿ ಇದೆ, ಕಳಪೆ ಕೆಲಸದವರದ್ದು. ಅದರಲ್ಲಿರೋರ ಕೈಲಿ ಕಟ್ಟಿಸಿದ್ರೆ ಹಣ ಕೊಡಲ್ವಂತೆ."

"ಯಾರ್ಯಾರಿದ್ದಾರೆ ಅದರಲ್ಲಿ?"

"ನೀನೊಬ್ಬನೇ."

ತೊಟ್ಟಿ ಕಟ್ಟುವ ದಿನ ಅವನು ಹೊಲದ ಅಂಚಿನಲ್ಲಿ ಕೂತು ನೋಡಿದ. ಬಂದಿದ್ದ ಮನುಷ್ಯ ಮಟ್ಟ ನೋಡದೆ, ಕಲ್ಲು ತೊಳೆಯದೆ, ಸಿಮೆಂಟು ಮೆತ್ತಿ ಮೆತ್ತಿ ಏರಿಸುತ್ತಿದ್ದ. ಮೇಸ್ತ್ರಿಗೆ ತಡೆಯಲಾಗಲಿಲ್ಲ.

"ಸೋರುತ್ತಪ್ಪಾ ಅದು. ಬುಡದ ಕಲ್ಲು ತಿರುಗಿಸಿ ಇಡು."

ಆ ಮನುಷ್ಯ ಕೈ ನಿಲ್ಲಿಸಿ ಮಗಳ ಕಡೆ ನೋಡಿದ. "ಯಾರಮ್ಮ ಇವರು?"

"ನಮ್ಮಪ್ಪ" ಎಂದಳು ಅವಳು. ಆಮೇಲೆ ಇನ್ನೂ ಮೆಲ್ಲಗೆ, "ನೀವು ನಿಮ್ಮ ಪಾಡಿಗೆ ಕಟ್ಟಿ" ಎಂದಳು.